ಬಿಸಿಲು ಚೆನ್ನಾಗಿದ್ರೂ ಬೋಟ್ ಯಾಕೆ ಹೊರಡ್ತಿಲ್ಲ? ತಮ್ಮ ಮಾರಿಷಸ್‌ನಲ್ಲಿ 13 ದಿನದಿಂದ ಕೂತಿದಾನೆ

ಹನುಮಂತನಗರ ಅಕ್ಕ · ನವೆಂಬರ್ 6, ರಾತ್ರಿ 10:40

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ವಿಚಿತ್ರವಾಗಿದೆ, ನಗಬೇಡಿ. ನನ್ನ ತಮ್ಮ ಕೆಲಸ ಬಿಟ್ಟು (ಹೌದು ಐಟಿನೇ, ಆ ಜಗಳ ಮನೇಲಿ ಆಗಿ ಮುಗಿದಿದೆ, ಇಲ್ಲಿ ಮತ್ತೆ ಬೇಡ) ಒಬ್ರು ಡಚ್ ಗಂಡ ಹೆಂಡತಿಯ ಸ್ವಂತ ಹಾಯಿ ಬೋಟಲ್ಲಿ ಕ್ರೂ ಆಗಿ ಸೇರ್ಕೊಂಡಿದಾನೆ. 40 ಅಡಿ ಬೋಟು, ಅಂದ್ರೆ ಹೆಚ್ಚುಕಮ್ಮಿ ನಮ್ಮ ಬಿಎಂಟಿಸಿ ಬಸ್ಸಿನಷ್ಟು ಉದ್ದ. ಮಾರಿಷಸ್‌ನ ಪೋರ್ಟ್ ಲೂಯಿಯಿಂದ ಸೌತ್ ಆಫ್ರಿಕಾದ ರಿಚರ್ಡ್ಸ್ ಬೇಗೆ ಹೋಗ್ಬೇಕು, ಸುಮಾರು 1500 ನಾಟಿಕಲ್ ಮೈಲಿ, ಹನ್ನೊಂದು ಹನ್ನೆರಡು ದಿನ ಬೇಕು ಅಂತಾನೆ. ಇವ್ನು ಅಕ್ಟೋಬರ್ 24ಕ್ಕೇ ರೆಡಿ ಆಗಿ ಕೂತಿದಾನೆ. ಇವತ್ತಿಗೆ 13 ದಿನ.

ದಿನಾ ಬೆಳಿಗ್ಗೆ ಫೋನ್ ಮಾಡಿದ್ರೆ ಒಂದೇ ಉತ್ತರ, "ವೆದರ್ ವಿಂಡೋ ಓಪನ್ ಆಗಿಲ್ಲ ಅಕ್ಕ" (ಹೊರಡೋಕೆ ಸರಿಯಾದ ಹವಾ ಇರೋ ಸಮಯಕ್ಕೆ ಹಂಗಂತಾರಂತೆ). ಅಮ್ಮ ಪಕ್ಕದಲ್ಲಿ ಕೂತು ಕೇಳಿಸ್ಕೊಂಡು "ಕಿಟಕಿ ತೆಗೆಯೋಕೆ ಹದಿಮೂರು ದಿನ ಬೇಕೇನೋ" ಅಂತಾಳೆ. ಅವನು ಕಳಿಸೋ ಫೋಟೋ ನೋಡಿದ್ರೆ ನೀಲಿ ಆಕಾಶ, ಬೋಟಿನ ಕಂಬಿ ಮೇಲೆ ಟವೆಲ್ ಒಣಗ್ತಿದೆ, ಇವ್ನು ಟೋಪಿ ಹಾಕ್ಕೊಂಡು ಕಾಫಿ ಕುಡೀತಿದಾನೆ. ಇಲ್ಲಿ ನಮ್ಗೆ ಒಂದು ವಾರದಿಂದ ಬಟ್ಟೆ ಒಣಗಿಲ್ಲ, ಜಿಟಿಜಿಟಿ ಮಳೆ, ಗಾಂಧಿಬಜಾರ್‌ಗೆ ಹೋಗಿ ಬರೋಷ್ಟ್ರಲ್ಲಿ ಚಪ್ಪಲಿ ತುಂಬ ಕೆಸರು. ಹೊರಡದೆ ಇರೋದಾದ್ರೆ ನಾವು ಹೊರಡಬಾರದು, ಅವರಿಗೇನು ಕಷ್ಟ?

ಸಮುದ್ರದಲ್ಲಿ ತಿನ್ನೋಕೆ ಅಂತ ಅಮ್ಮ ಮಾಡಿ ಕಳಿಸಿದ್ದ ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಎಲ್ಲ ಬಂದರಲ್ಲೇ ಖಾಲಿ ಆಗಿದೆಯಂತೆ. ನವೆಂಬರ್ 27ಕ್ಕೆ ಸೌತ್ ಆಫ್ರಿಕಾದಿಂದ ವಾಪಸ್ ಟಿಕೆಟ್ ಇದೆ, ಡಿಸೆಂಬರ್ 5ಕ್ಕೆ ನಮ್ಮ ಗೃಹಪ್ರವೇಶ, ಅವನು ಇರ್ಲೇಬೇಕು ಅಂತ ನಾನೇ ಹೇಳಿ ಕಳಿಸಿದ್ದೆ. ಗೊತ್ತಿರೋರು ಹೇಳಿ, ನಿಜವಾಗ್ಲೂ ಏನಾದ್ರೂ ಇದೆಯಾ ಅಥವಾ ಆ ಯಜಮಾನರಿಗೆ ಧೈರ್ಯ ಸಾಲ್ತಿಲ್ವಾ?


ಸ್ಪ್ರಿಂಟ್ ಮಗಾ · ನವೆಂಬರ್ 6, ರಾತ್ರಿ 11:05

ಅಕ್ಕ ಇದು ಕ್ಲಾಸಿಕ್ ಅನಾಲಿಸಿಸ್ ಪರಾಲಿಸಿಸ್. ನಮ್ಮ ಆಫೀಸಲ್ಲೂ ಹಿಂಗೇ, ಎಲ್ಲ ಪರ್ಫೆಕ್ಟ್ ಆಗ್ಲಿ ಅಂತ ಕಾದ್ರೆ ರಿಲೀಸೇ ಆಗಲ್ಲ. ಒಂದು ಡೇಟ್ ಫಿಕ್ಸ್ ಮಾಡ್ಸಿ, ಆ ಡೇಟ್‌ಗೆ ಹೋಗೋದೋ ಬಿಡೋದೋ ಡಿಸೈಡ್ ಆಗ್ಬೇಕು ಅಷ್ಟೇ. 13 ದಿನ ಮರೀನಾ ಬಾಡಿಗೆ ಬೇರೆ ಓಡ್ತಿರತ್ತೆ.


ಮಲ್ಪೆ ಬೋಟು · ನವೆಂಬರ್ 6, ರಾತ್ರಿ 11:32

ಅಕ್ಕ, ಬಿಸಿಲಿಗೂ ಕಡಲಿಗೂ ಸಂಬಂಧವೇ ಇಲ್ಲ ಆಯ್ತಾ. ಮಳೆ ಬಂದ್ರೆ ಬೋಟಿಗೆ ಎಂತ ಆಗ್ತದೆ? ಎಂತ ಇಲ್ಲ, ಒದ್ದೆ ಆಗ್ತದೆ ಅಷ್ಟೆ. ನಮ್ಮಪ್ಪ ತಾಂಡೇಲ (ಬೋಟು ನಡೆಸುವವರು) ಆಗಿದ್ರು, ನಾನು ಈಗ ಪೀಣ್ಯದಲ್ಲಿ ಲೇತ್ ತಿರುಗಿಸ್ತಾ ಇದ್ದೇನೆ, ಆದ್ರೂ ಊರಿಗೆ ಹೋದ್ರೆ ಮೊದಲು ಕಾಲು ಎಳೆಯುದು ಅಳಿವೆ ಹತ್ರವೇ. ಅಪ್ಪ ಬೆಳಗಿನ ಜಾವ ಎದ್ದು ಆಕಾಶ ನೋಡುದು ಕಮ್ಮಿ, ಅಳಿವೆ ಬಾಗಿಲಲ್ಲಿ ತೆರೆ ಹೇಗೆ ಒಡೀತದೆ ಅಂತ ನೋಡಿ ನಿಂತ್ಕೊಳ್ಳುದು ಜಾಸ್ತಿ. ಹದಿನೈದು ನಿಮಿಷ ಸುಮ್ಮನೆ ನಿಂತು ತೆರೆ ಲೆಕ್ಕ ಹಾಕ್ತಿದ್ರು. ಕೆಲವು ದಿನ ಗಾಳಿಯೇ ಇಲ್ಲ, ಕನ್ನಡಿ ಹಾಗೆ ಕಡಲು, ಆದ್ರೆ ಅಳಿವೆಯಲ್ಲಿ ಮಾತ್ರ ಆಳೆತ್ತರದ ತೆರೆ. ಆ ದಿನ ಬೋಟು ಬಿಡುದಿಲ್ಲ.

ಆ ತೆರೆ ಎಲ್ಲಿಂದ ಬಂತು ಅಂತ ನಮಗೆ ಆಗ ಗೊತ್ತಿರ್ಲಿಲ್ಲ. ಈಗ ಹೈದರಾಬಾದಿನ ಇನ್‌ಕಾಯ್ಸ್‌ನವರು ಫೋನಿಗೇ ಮೆಸೇಜು ಹಾಕ್ತಾರೆ, ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅಂತ ಹೇಳುದು, ಅಂದ್ರೆ ಕಳ್ಳನ ಹಾಗೆ ಬರುವ ಕಡಲು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಸಾವಿರಾರು ಕಿಲೋಮೀಟರ್ ಕೆಳಗೆ ತೂಫಾನ್ ಎದ್ದು, ಅದರ ತೆರೆ ಮಾತ್ರ ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬಂದು ಹೊಡೆಯುದು. ಇಲ್ಲಿ ಗಾಳಿಯೂ ಇಲ್ಲ ಮೋಡವೂ ಇಲ್ಲ. ನಿಮ್ಮ ತಮ್ಮ ಈಗ ಹೋಗ್ಲಿಕ್ಕೆ ಹೊರಟದ್ದು ಆ ತೂಫಾನ್ ಹುಟ್ಟುವ ಮನೆ ಕಡೆಗೇ ಮಾರಾಯ್ರೆ! ಫೋಟೋದಲ್ಲಿ ಟವೆಲ್ ಒಣಗಿದ್ರೆ ಸಾಕಾಗುದಿಲ್ಲ.

ಮತ್ತೆ ಸ್ಪ್ರಿಂಟ್ ಅಣ್ಣ, ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಸುವ ಹಾಗೇ ಇಲ್ಲ. ಅದು ಮೀನು ಮರಿ ಮಾಡುವ ಕಾಲ ಅಂತ ಸರ್ಕಾರ ಹಾಕಿದ ನಿಷೇಧ, ಆದ್ರೆ ಅದಕ್ಕೆ ಮೊದಲೂ ಮಳೆಗಾಲದಲ್ಲಿ ಯಾರು ಹೋಗ್ತಿದ್ರು? ಬಲೆ ಹೊಲಿಯುದು, ಬೋಟಿಗೆ ಬಣ್ಣ ಹೊಡೆಯುದು, ಆಮೇಲೆ ಸಮುದ್ರ ಪೂಜೆ ಮಾಡಿ ಹೋಗುದು. ಕಾಯುದೂ ಕಸುಬೇ.


ಐಸೋಬಾರ್ · ನವೆಂಬರ್ 7, ಬೆಳಿಗ್ಗೆ 7:15

ಮಲ್ಪೆಯವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹವಾಮಾನ ಓದಿದವನಲ್ಲ, ಹವಾ ಮುನ್ಸೂಚನೆಯ ಕಂಪ್ಯೂಟರ್ ಮಾಡೆಲ್‌ಗಳನ್ನ ನೋಡೋ ಹುಚ್ಚು ಅಷ್ಟೇ, ಬನಶಂಕರಿಯಲ್ಲಿ ಟೆರೇಸ್ ಮೇಲೆ ಒಂದು ಮಳೆಮಾಪಕ ಇಟ್ಕೊಂಡಿದೀನಿ. ಪೋರ್ಟ್ ಲೂಯಿಯಿಂದ ರಿಚರ್ಡ್ಸ್ ಬೇ ರೂಟನ್ನ ರಾತ್ರಿ ವಿಂಡಿ ಅನ್ನೋ ಹವಾಮಾನ ಆ್ಯಪಲ್ಲಿ ಹಾಕಿ ನೋಡ್ದೆ.

ನಿಮ್ಮ ತಮ್ಮ ಇರೋ ಕಡೆ ಈಗ ಆಗ್ನೇಯ ಮಾರುತ, 18-20 ನಾಟ್ (ಅಂದ್ರೆ ಗಂಟೆಗೆ ಅಷ್ಟು ನಾಟಿಕಲ್ ಮೈಲಿ), ಆರಾಮಾಗಿ ಹಾಯಿ ಬಿಚ್ಚಿ ಹೋಗಬಹುದು. ಸಮಸ್ಯೆ ಇವತ್ತಿನದಲ್ಲ. ಇವತ್ತು ಹೊರಟ್ರೆ ಐದನೇ ಆರನೇ ದಿನಕ್ಕೆ ಮಡಗಾಸ್ಕರ್‌ನ ದಕ್ಷಿಣ ತುದಿ ಹತ್ರ ಇರ್ತಾರೆ. ಅಲ್ಲಿಂದ ಮುಂದೆ ಆಟವೇ ಬೇರೆ, ಆಫ್ರಿಕಾದ ಕೆಳಗಡೆಯಿಂದ ವಾಯುಭಾರ ಕುಸಿತಗಳು ರೈಲು ಬೋಗಿ ಥರ ಸಾಲಾಗಿ ಬರ್ತವೆ. ಬೆಂಗಳೂರಲ್ಲಿ ನಮ್ಗೆ ವಾಯುಭಾರ ಕುಸಿತ ಅಂದ್ರೆ ಟಿವಿಯಲ್ಲಿ "ಬಂಗಾಳಕೊಲ್ಲಿಯಲ್ಲಿ" ಅಂತ ಶುರುವಾಗಿ ಎರಡು ದಿನ ಸ್ವೆಟರ್ ಹಾಕ್ಕೊಳ್ಳೋ ವಿಷ್ಯ, ಅಲ್ಲಿ ಹಂಗಲ್ಲ. ಒಂದೊಂದರ ಜೊತೆ ನೈಋತ್ಯದಿಂದ 35-40 ನಾಟ್ ಗಾಳಿ ಬರಬಹುದು.

ಗಾಳಿ 20 ನಾಟಿಂದ 30 ಆದ್ರೆ ಒಂದೂವರೆ ಪಟ್ಟು ಜಾಸ್ತಿ ಅಂತ ಅನ್ಸತ್ತೆ, ಆದ್ರೆ ಹಾಯಿ ಮೇಲೆ ಬೀಳೋ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರತ್ತೆ, ಅಂದ್ರೆ ಎರಡೂಕಾಲು ಪಟ್ಟು. 40 ಆದ್ರೆ ನಾಲ್ಕು ಪಟ್ಟು. ಅಲೆದೂ ಒಂದು ಮೋಸ ಇದೆ. ಮುನ್ಸೂಚನೆಯಲ್ಲಿ 3 ಮೀಟರ್ ಅಂತ ಹಾಕಿದ್ರೆ ಅದು ಎಲ್ಲ ಅಲೆಗಳಲ್ಲಿ ಅತಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ ಮಾತ್ರ, ಮಧ್ಯೆ ಮಧ್ಯೆ 5-6 ಮೀಟರ್‌ದೂ ಬರತ್ತೆ. ಅದಕ್ಕಿಂತ ಮುಖ್ಯ ಎರಡು ಅಲೆ ಮಧ್ಯೆ ಎಷ್ಟು ಸೆಕೆಂಡ್ ಅನ್ನೋದು. 3 ಮೀಟರ್, 13 ಸೆಕೆಂಡ್ ಅಂದ್ರೆ ಬೋಟು ನಿಧಾನಕ್ಕೆ ಹತ್ತಿ ಇಳಿಯತ್ತೆ, ತೊಟ್ಟಿಲು ತೂಗಿದ ಹಾಗೆ. ಅದೇ 3 ಮೀಟರ್ 6 ಸೆಕೆಂಡಿಗೊಂದು ಬಂದ್ರೆ ಸಿಲ್ಕ್ ಬೋರ್ಡ್ ಸರ್ವಿಸ್ ರೋಡಲ್ಲಿ ಲಗೇಜ್ ಆಟೋಲಿ ಹೋದಂಗೆ, ಅದೂ ಹನ್ನೆರಡು ದಿನ.


ಧಾರವಾಡ ಪೇಡೆ · ನವೆಂಬರ್ 7, ಬೆಳಿಗ್ಗೆ 8:02

ಅಲ್ರೀ, ಬೋಟಿಗೆ ಎಂಜಿನ್ ಇರೂದಿಲ್ಲೇನ? ಗಾಳಿ ಬ್ಯಾಡ ಅಂದ್ರ ಗಾಳಿ ಇಲ್ದಾಗ ಎಂಜಿನ್ ಚಾಲೂ ಮಾಡ್ಕೊಂಡು ಸುಮ್ನ ಹೋಗಿಬಿಡೂದಪಾ.


ಹಲಸೂರು ಹಾಯಿ · ನವೆಂಬರ್ 7, ಬೆಳಿಗ್ಗೆ 9:20

ಪೇಡೆಯವರೇ, ಲೆಕ್ಕ ಹಾಕೋಣ ಬನ್ನಿ. 40 ಅಡಿ ಬೋಟಲ್ಲಿ ಡೀಸೆಲ್ ಟ್ಯಾಂಕ್ 300 ಲೀಟರ್ ಇದ್ರೆ ದೊಡ್ಡದು. ಗಂಟೆಗೆ 3 ಲೀಟರ್ ಕುಡಿಯತ್ತೆ, 5 ನಾಟ್ ಹೋಗತ್ತೆ. 100 ಗಂಟೆ, 500 ಮೈಲಿ. ಇನ್ನು 1000 ಮೈಲಿ ಯಾರು ತಳ್ತಾರೆ? ಅದಕ್ಕೇ ಗಾಳಿ ತೀರಾ ಇಲ್ಲದೇ ಇರೋದೂ ಕೆಟ್ಟ ಹವಾನೇ. ಒಳ್ಳೆ ಹವಾ ಅಂದ್ರೆ ಗಾಳಿ ಇರಬೇಕು, ಹಿಂದಿನಿಂದಲೋ ಪಕ್ಕದಿಂದಲೋ ಬರಬೇಕು, ಅಳತೆ ಮೀರಬಾರದು. ಅನ್ನಕ್ಕೆ ನೀರಿಟ್ಟ ಹಾಗೆ.

ನನ್ನ ಪರಿಚಯ ಸ್ವಲ್ಪ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಬೆಂಗಳೂರಲ್ಲಿ ಕೂತು ಸಮುದ್ರದ ಪುರಾಣ ಹೇಳ್ತಾನೆ ಅಂತೀರ. ನಾನು ಹಾಯಿ ಕಲಿತದ್ದು ಹಲಸೂರು ಕೆರೆಯಲ್ಲೇ. ನಗಿ ಪರವಾಗಿಲ್ಲ. ಅದೇ ಕೆರೆಯಲ್ಲಿ ಎಂಇಜಿ (ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್) ಹುಡುಗರು ಹಾಯಿ ಹಿಡಿದು ಪಳಗ್ತಾರೆ, ಸೇನೆಯ ಇಂಜಿನಿಯರುಗಳು ತೃಷ್ಣಾ ಅನ್ನೋ ಹಾಯಿ ಬೋಟಲ್ಲಿ 1985-87ರಲ್ಲಿ ಭೂಮಿನೇ ಸುತ್ತಿ ಬಂದವರು. ನಾನು ಅಷ್ಟು ದೊಡ್ಡವನಲ್ಲ. ಬಹಳ ವರ್ಷದ ಹಿಂದೆ ಇದೇ ಮಾರಿಷಸ್-ಆಫ್ರಿಕಾ ದಾರಿಯಲ್ಲಿ ಒಂದು ಸಲ ಕ್ರೂ ಆಗಿ ಹೋಗಿದ್ದೆ, ಒಂದೇ ಸಲ, ಮತ್ತೆ ಹೋಗ್ಲಿಲ್ಲ.

ಅಕ್ಕ, ನಿಮ್ಮ ತಮ್ಮನ ಯಜಮಾನರು ಹೆದರಿದ್ರೆ ಸರಿಯಾಗೇ ಹೆದರಿದಾರೆ. ಆ 1500 ಮೈಲಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕೊನೇ 100 ಮೈಲಿ. ಆಫ್ರಿಕಾದ ಕರಾವಳಿಗೆ ಅಂಟಿಕೊಂಡು ಅಗುಲ್ಹಾಸ್ ಅಂತ ಒಂದು ಪ್ರವಾಹ ಹರಿಯತ್ತೆ, ಸಮುದ್ರದ ಒಳಗೊಂದು ನದಿ ಅಂದ್ಕೊಳ್ಳಿ, ಈಶಾನ್ಯದಿಂದ ನೈಋತ್ಯಕ್ಕೆ, ಕೆಲವು ಕಡೆ 4-5 ನಾಟ್ ಸೆಳೆತ. ಗಾಳಿಯೂ ಅದೇ ದಿಕ್ಕಿಗೆ ಬೀಸ್ತಿದ್ರೆ ಸ್ವರ್ಗ. ಗಾಳಿ ತಿರುಗಿ ನೈಋತ್ಯದಿಂದ ಬಂತು ಅಂದ್ರೆ ಮುಗೀತು, ನೀರು ಕೆಳಕ್ಕೆ ಓಡ್ತಿದೆ, ಅಲೆ ಮೇಲಕ್ಕೆ ಬರ್ತಿದೆ, ಎರಡೂ ಎದುರಾಬದುರಾ ಆಗಿ ಅಲೆ ಗೋಡೆ ಹಾಗೆ ನೆಟ್ಟಗೆ ನಿಲ್ಲತ್ತೆ. ಅದರ ಹಿಂದೆ ಇಳಿಜಾರೇ ಇರಲ್ಲ, ಹತ್ತಿದ ಬೋಟು ಹಳ್ಳಕ್ಕೆ ಬಿದ್ದ ಹಾಗೆ ಬೀಳತ್ತೆ. ಸಣ್ಣ ಬೋಟಿನ ಮಾತು ಬಿಡಿ, 1909ರ ಜುಲೈಯಲ್ಲಿ ವಾರಾಟಾ ಅನ್ನೋ ಹಡಗು ಡರ್ಬನ್ ಬಿಟ್ಟು ಕೇಪ್‌ಟೌನ್ ಕಡೆ ಹೋಗ್ತಾ ಇದೇ ಕರಾವಳಿಯಲ್ಲಿ ಕಾಣೆಯಾಯ್ತು, 211 ಜನ, ಇವತ್ತಿನವರೆಗೂ ಒಂದು ಹಲಗೆ ಸಿಕ್ಕಿಲ್ಲ.

ಆ ಪ್ರವಾಹ ದಾಟೋಕೆ ಸುಮಾರು ಒಂದು ದಿನದ ನೆಮ್ಮದಿ ಹವಾ ಬೇಕು. ನೆಟ್ಟಗೆ ಬಂದರಿಗೆ ಗುರಿ ಇಟ್ಟು ಹೋಗೋ ಹಾಗಿಲ್ಲ. ಆನೆಗುಂದಿ ಹತ್ರ ತುಂಗಭದ್ರೆಯಲ್ಲಿ ಹರಿಗೋಲು ದಾಟಿಸೋನು ಹೇಗೆ ಮೇಲುಗಡೆಗೆ ಹುಟ್ಟು ಹಾಕಿ ಕೆಳಗಿನ ದಡಕ್ಕೆ ಬಂದು ಸೇರ್ತಾನೆ, ಹಾಗೆ ರಿಚರ್ಡ್ಸ್ ಬೇಗಿಂತ 30-40 ಮೈಲಿ ಉತ್ತರಕ್ಕೆ ಮೂತಿ ಮಾಡಿ ನುಗ್ಗಬೇಕು.


ಸ್ಪ್ರಿಂಟ್ ಮಗಾ · ನವೆಂಬರ್ 7, ಬೆಳಿಗ್ಗೆ 10:11

ಸರ್ ಒಪ್ಕೋತೀನಿ, ಆದ್ರೆ ಒಂದು ಲಾಜಿಕ್ ಅರ್ಥ ಆಗ್ತಿಲ್ಲ. ಫೋರ್‌ಕಾಸ್ಟ್ ನಂಬೋಕಾಗೋದು ಐದು ದಿನ, ಜಾಸ್ತಿ ಅಂದ್ರೆ ಏಳು. ಪ್ರಯಾಣ ಹನ್ನೆರಡು ದಿನ. ಕೊನೇ ದಿನ ಹವಾ ಹೆಂಗಿರತ್ತೆ ಅಂತ ಹೊರಡೋ ದಿನ ಗೊತ್ತಾಗೋಕೆ ಚಾನ್ಸೇ ಇಲ್ಲ. ಹಂಗಿದ್ಮೇಲೆ 13 ದಿನ ಏನು ನೋಡ್ಕೊಂಡು ಕಾಯ್ತಿದಾರೆ? ಇವತ್ತು ಹೋದ್ರೂ ಒಂದೇ ಮುಂದಿನ ವಾರ ಹೋದ್ರೂ ಒಂದೇ ಅಲ್ವಾ?


ಐಸೋಬಾರ್ · ನವೆಂಬರ್ 7, ಮಧ್ಯಾಹ್ನ 1:30

ಒಳ್ಳೆ ಪ್ರಶ್ನೆ ಗುರು, ಊಟ ಬಿಟ್ಟು ಟೈಪ್ ಮಾಡ್ತಿದೀನಿ.

ಹನ್ನೆರಡೂ ದಿನ ಚೆನ್ನಾಗಿರೋ ಹವಾಗೆ ಕಾದ್ರೆ ಜನ್ಮದಲ್ಲಿ ಹೊರಡಕ್ಕಾಗಲ್ಲ. ಇವರು ಕಾಯ್ತಿರೋದು ಮೊದಲ ಐದಾರು ದಿನಕ್ಕೆ. ಒಂದು, ಮೊದಲ ಎರಡು ಮೂರು ದಿನ ಎಲ್ರಿಗೂ ವಾಂತಿ, ನಿದ್ದೆ ಇರಲ್ಲ, ದೇಹ ಸಮುದ್ರಕ್ಕೆ ಹೊಂದಿಕೊಳ್ಳೋ ಮುಂಚೆ ದೊಡ್ಡ ಗಾಳಿ ಸಿಕ್ರೆ ತಪ್ಪು ಮಾಡ್ತಾರೆ. ಇನ್ನೊಂದು, ಮಡಗಾಸ್ಕರ್ ಮೂಲೆ. ಅಲ್ಲಿ ಸಮುದ್ರದ ತಳ ಏಕಾಏಕಿ ಮೇಲೆ ಬರತ್ತೆ, ಅಲ್ಲೂ ಒಂದು ಪ್ರವಾಹ ಇದೆ, ಅದಕ್ಕೇ ದಡದಿಂದ 100 ಮೈಲಿಗಿಂತ ದೂರ ಸುತ್ತು ಹಾಕ್ಕೊಂಡು ಹೋಗ್ತಾರೆ. ಆ ಮೂಲೆ ತಿರುಗೋ ದಿನಕ್ಕೆ ಕುಸಿತ ಬಂದು ಕೂತಿರಬಾರದು. ಅದು ಫೋರ್‌ಕಾಸ್ಟ್‌ನ ಕೈಗೆ ಸಿಗೋ ದೂರದಲ್ಲಿದೆ, ಅದನ್ನ ನೋಡ್ಕೊಂಡು ಹೊರಡ್ತಾರೆ. ಆಮೇಲಿಂದು ಸ್ಯಾಟಲೈಟ್‌ನಲ್ಲಿ ಹೊಸ ಹೊಸ ಫೋರ್‌ಕಾಸ್ಟ್ ಇಳಿಸ್ಕೊಂಡು ದಾರೀಲೇ ತೀರ್ಮಾನ.

ನಾನು ನೋಡೋ ರೀತಿ ಹೇಳ್ತೀನಿ. ಅಮೆರಿಕದ ಜಿಎಫ್‌ಎಸ್ ಮಾಡೆಲ್ ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಹಾಕತ್ತೆ, ಯುರೋಪಿಂದು ಇಸಿಎಂಡಬ್ಲ್ಯುಎಫ್ ಇನ್ನೊಂದು. ನವೆಂಬರ್ 13ಕ್ಕೆ ಮಡಗಾಸ್ಕರ್ ಕೆಳಗೆ ಏನಾಗತ್ತೆ ಅಂತ ನಿನ್ನೆ ರಾತ್ರಿ ಎರಡನ್ನೂ ಕೇಳಿದೆ, ಒಂದು 15 ನಾಟ್ ಅಂತು, ಇನ್ನೊಂದು 38. ಇವತ್ತು ಬೆಳಿಗ್ಗೆ ಎರಡೂ ಉಲ್ಟಾ ಹೊಡೆದಿವೆ. ಎರಡು ಜ್ಯೋತಿಷಿಗಳು ಎರಡು ಮುಹೂರ್ತ ಹೇಳಿದ ಮನೇಲಿ ಮದುವೆ ಮಾಡ್ತೀರಾ? ಎರಡೂ ಒಂದೇ ಮಾತು ಆಡಿ, ಆ ಮಾತು ನಾಲ್ಕೈದು ಸಲ ಬದಲಾಗದೇ ನಿಂತ್ರೆ, ಆಗ ಹಗ್ಗ ಬಿಚ್ಚಬಹುದು.

ಆದ್ರೆ ಕಾಯೋಕೂ ಕೊನೆ ಇದೆ. ಆ ಭಾಗದಲ್ಲಿ ಸೈಕ್ಲೋನ್ ಸೀಸನ್ ನವೆಂಬರ್ 15ಕ್ಕೆ ಶುರು ಅಂತ ಲೆಕ್ಕ. ಬೇಗ ಹೋದ್ರೆ ನೈಋತ್ಯದ ಗಾಳಿ ಜೋರು, ತಡ ಮಾಡಿದ್ರೆ ಬೆನ್ನ ಹಿಂದೆ ಸೈಕ್ಲೋನ್. ನವೆಂಬರ್ ಮಧ್ಯ ದಾಟಿಸಲ್ಲ ಅವರು, ನೋಡ್ತಿರಿ.


ಹನುಮಂತನಗರ ಅಕ್ಕ · ನವೆಂಬರ್ 7, ರಾತ್ರಿ 9:48

ಎಲ್ಲಾ ಓದಿ ಅಮ್ಮಂಗೆ ಬಿಡಿಸಿ ಹೇಳ್ದೆ. ವಾರಾಟಾ ವಿಷ್ಯ ಹೇಳಿಲ್ಲ.

ತಮ್ಮಂಗೆ ಫೋನ್ ಮಾಡಿ ಇವತ್ತು ಸರಿಯಾಗಿ ಕೇಳ್ದೆ, ದಿನಾ ಏನ್ ಮಾಡ್ತೀರೋ ಅಂತ. ಬೆಳಿಗ್ಗೆ ಏಳಕ್ಕೆ ಮೂರೂ ಜನ ಟೇಬಲ್ ಮುಂದೆ ಕೂತು ಚಾರ್ಟ್ ನೋಡ್ತಾರಂತೆ, ಆ ಯಜಮಾನರು ಒಂದು ಹಳೇ ನೋಟ್‌ಬುಕ್ಕಲ್ಲಿ ಬ್ಯಾರೋಮೀಟರ್ (ಗಾಳಿಯ ಒತ್ತಡ ಅಳೆಯೋದು) ನಂಬರ್ ಪೆನ್ಸಿಲಲ್ಲಿ ಬರೀತಾರಂತೆ, ದಿನಕ್ಕೆ ಆರು ಸಲ. ಆಮೇಲೆ ಸಂತೆಗೆ ಹೋಗಿ ಕೊಳೆತ ಟೊಮ್ಯಾಟೊ ಬದಲಿಗೆ ಹೊಸದು ತರೋದು. ಎರಡು ಸಲ ಆಗ್ಲೇ ತಂದು ಬಿಸಾಕಿದಾರಂತೆ. ಮೊಟ್ಟೆ ಮಾತ್ರ ದಿನಾ ತಿರುಗಿಸಿ ಇಡ್ತಾರಂತೆ, ಕೆಡಬಾರದು ಅಂತ, ಆ ಕೆಲಸ ಇವನ್ದು. ಪಕ್ಕದ ಬೋಟಿನೋರು ಮೂರು ದಿನದ ಹಿಂದೆ ಹೊರಟು ಹೋದ್ರಂತೆ, ಆ ದಿನ ಇವರ ಬೋಟಲ್ಲಿ ಯಾರೂ ಮಾತಾಡಿಲ್ಲ. ಅದು ನಂಗೆ ಅರ್ಥ ಆಗತ್ತೆ. ಬಸ್ ಸ್ಟಾಪಲ್ಲಿ ಎಲ್ರೂ ಆಟೋ ಹಿಡಿದು ಹೋಗ್ತಿದ್ರೆ ನಾವೊಬ್ರೇ ಬಸ್ಸಿಗೆ ಕಾದಂಗೆ.

ಆಮೇಲೆ ಅವನು ಮೆಲ್ಲಗೆ ಒಂದು ಮಾತು ಹೇಳ್ದ. ನಿನ್ನೆ ಆ ಡಚ್ ಆಂಟಿ ಕೇಳಿದ್ರಂತೆ, "ನಿನ್ನ 27ರ ಟಿಕೆಟ್‌ಗೋಸ್ಕರ ನಾವು ಹೊರಡಬೇಕು ಅಂತ ನಿನಗೆ ಅನ್ಸತ್ತಾ?" ಅಂತ. ಇವನು ಇಲ್ಲ ಅಂದನಂತೆ. ಆದ್ರೆ ನಂಗೆ ಗೊತ್ತು, ಅನ್ಸತ್ತೆ ಅವನಿಗೆ. ಗೃಹಪ್ರವೇಶಕ್ಕೆ ಬರ್ಲಿಲ್ಲಾಂದ್ರೆ ಮಾತಾಡಲ್ಲ ಅಂತ ಏರ್‌ಪೋರ್ಟಲ್ಲಿ ಹೇಳಿದ್ದು ನಾನೇ ಅಲ್ವಾ.


ಹಲಸೂರು ಹಾಯಿ · ನವೆಂಬರ್ 7, ರಾತ್ರಿ 10:30

ಅಕ್ಕ, ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಆ ಟಿಕೆಟ್ ಕ್ಯಾನ್ಸಲ್ ಮಾಡ್ಸಿ. ಇವತ್ತೇ.

ನಾನು ಹೋದ ಸಲ ನಮ್ಮ ಬೋಟಲ್ಲಿ ಒಬ್ಬನಿಗೆ ರಜ ಮುಗೀತಾ ಬಂದಿತ್ತು. ಅವನೇನೂ ಒತ್ತಾಯ ಮಾಡ್ಲಿಲ್ಲ, ಒಂದು ಮಾತೂ ಆಡಿರ್ಲಿಲ್ಲ. ಆದ್ರೆ ಎಲ್ರಿಗೂ ಗೊತ್ತಿತ್ತು. ಚಾರ್ಟಲ್ಲಿ ಅನುಮಾನ ಇದ್ರೂ "ನೋಡೋಣ, ಆಗಬಹುದು" ಅಂತ ಹೊರಟ್ವಿ. ದಾರಿ ಪೂರ್ತಿ ಏನೂ ಆಗ್ಲಿಲ್ಲ, ಹತ್ತನೇ ದಿನ ಪ್ರವಾಹದ ಅಂಚಿಗೆ ಬಂದ್ವಿ, ಬ್ಯಾರೋಮೀಟರ್ ಇಳೀತಾ ಇತ್ತು. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಬಂದರು 60 ಮೈಲಿ ಇದೆ ಅಷ್ಟೇ ಅಂತ ನುಗ್ಗಿದ್ವಿ. ಈಶಾನ್ಯದ ಗಾಳಿ ಚೆನ್ನಾಗಿ ತಳ್ತಿತ್ತು, ಸಂಜೆ ಐದಕ್ಕೆ ಪಟ್ ಅಂತ ನಿಂತು ಹೋಯ್ತು. ಸದ್ದೇ ಇಲ್ಲ. ಹಾಯಿ ಜೋತು ಬಿತ್ತು. ನೈಋತ್ಯದಲ್ಲಿ ಸುರುಳಿ ಚಾಪೆ ಥರ ಒಂದು ಕರೀ ಮೋಡ. ಹತ್ತು ನಿಮಿಷಕ್ಕೆ ಅದು ಮೈಮೇಲೆ ಬಂತು. ಒಲೆ ಮೇಲಿದ್ದ ಅನ್ನದ ಪಾತ್ರೆ ಚಾವಣಿಗೆ ಹೊಡೆದು ಅಂಟಿಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ, ಅನ್ನ ನಿಧಾನಕ್ಕೆ ಉದುರ್ತಾ ಇತ್ತು ನನ್ನ ತಲೆ ಮೇಲೆ. ಒಂದು ಹಾಯಿ ಹರೀತು, ಒಬ್ಬರಿಗೆ ಪಕ್ಕೆಲುಬು ಮುರೀತು, ಬದುಕಿದ್ವಿ. ರಜ ಇದ್ದವನು ಆಫೀಸಿಗೆ ಸರಿಯಾದ ಟೈಮಿಗೆ ಹೋದ.


ಧಾರವಾಡ ಪೇಡೆ · ನವೆಂಬರ್ 7, ರಾತ್ರಿ 10:44

ಅಯ್ಯ ಶಿವನ. ನಾ ಎಂಜಿನ್ ಮಾತು ವಾಪಸ್ ತಗೊಂಡೆ ನೋಡ್ರಿ.


ಸ್ಪ್ರಿಂಟ್ ಮಗಾ · ನವೆಂಬರ್ 7, ರಾತ್ರಿ 11:20

ನಾನೂ ಡೇಟ್ ಫಿಕ್ಸ್ ಮಾಡಿ ಅಂದಿದ್ದು ವಾಪಸ್. ಆದ್ರೆ ರೇಸ್ ಮಾಡೋರು ಹೆಂಗೆ? ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟಾಮಿ ಎಲ್ಲ ಒಬ್ರೇ ಇದೇ ಸಮುದ್ರದಲ್ಲಿ ಹೋದ್ರಲ್ಲ, ಅವರು ಕಾಯ್ತಾ ಕೂತಿದ್ರಾ?


ಹಲಸೂರು ಹಾಯಿ · ನವೆಂಬರ್ 8, ಬೆಳಿಗ್ಗೆ 6:50

ರೇಸಲ್ಲಿ ಹೊರಡೋ ದಿನ ಮೊದಲೇ ಗೊತ್ತಾಗಿರತ್ತೆ, ಮಧ್ಯೆ ಸಿಕ್ಕಿದ್ದನ್ನ ತಗೋಬೇಕು, ಅದಕ್ಕೇ ಅದು ರೇಸ್. 2018ರ ಸೆಪ್ಟೆಂಬರ್‌ನಲ್ಲಿ ಗೋಲ್ಡನ್ ಗ್ಲೋಬ್ ಅನ್ನೋ, ಒಬ್ಬೊಬ್ಬರೇ ಭೂಮಿ ಸುತ್ತೋ ರೇಸಲ್ಲಿ ಅವರ ತುರಿಯಾ ಬೋಟು ದಕ್ಷಿಣ ಹಿಂದೂ ಮಹಾಸಾಗರದ ತೂಫಾನಲ್ಲಿ ಉರುಳಿ, ಕಂಬ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ ಅಲ್ಲಾಡಕ್ಕಾಗದೆ ಮಲಗಿದ್ರು, ಮೂರು ದಿನದ ಮೇಲೆ ಒಸಿರಿಸ್ ಅನ್ನೋ ಫ್ರೆಂಚ್ ಹಡಗು ಬಂದು ಎತ್ತಿಕೊಳ್ತು. ಆ ಮನುಷ್ಯ ಎದ್ದು ಅದೇ ರೇಸಿಗೆ ಮತ್ತೆ ಹೋಗಿ 2023ರ ಏಪ್ರಿಲಲ್ಲಿ ಎರಡನೇ ಸ್ಥಾನದಲ್ಲಿ ಮುಗಿಸಿದ್ರು, ಅದು ಬೇರೆ ಧಾತು. ಡಚ್ ಅಂಕಲ್ ಆಂಟಿ ರೇಸಲ್ಲಿಲ್ಲ. ಅದು ಅವರ ಮನೆ, ಪಾತ್ರೆ ಪಡಗ ಎಲ್ಲ ಅದ್ರಲ್ಲೇ ಇದೆ.


ಹನುಮಂತನಗರ ಅಕ್ಕ · ನವೆಂಬರ್ 10, ರಾತ್ರಿ 8:15

ಅಪ್‌ಡೇಟ್. ಟಿಕೆಟ್ ಕ್ಯಾನ್ಸಲ್ ಮಾಡಿಸ್ದೆ, ಒಂಬತ್ತು ಸಾವಿರ ಹೋಯ್ತು. ತಮ್ಮಂಗೆ ಹೇಳ್ದೆ, ಬಂದಾಗ ಬಾ, ಮನೆ ಎಲ್ಲೂ ಹೋಗಲ್ಲ, ಹಾಲು ಉಕ್ಕಿಸೋಕೆ ನಾವಿದೀವಿ ಅಂತ. ಅವನು ಒಂದು ನಿಮಿಷ ಮಾತಾಡ್ಲೇ ಇಲ್ಲ, ಲೈನ್ ಕಟ್ ಆಯ್ತು ಅಂದ್ಕೊಂಡೆ.

ನಾಳೆ ಬೆಳಿಗ್ಗೆ ಹೊರಡ್ತಾರಂತೆ!! ಎರಡೂ ಮಾಡೆಲ್ ಮೂರು ದಿನದಿಂದ ಒಂದೇ ಹೇಳ್ತಿವೆಯಂತೆ, ಇವತ್ತು ಕಸ್ಟಮ್ಸ್ ಇಮಿಗ್ರೇಶನ್ ಮುಗಿಸಿದ್ರು. ಒಂದು ತಮಾಷೆ, ಶುಕ್ರವಾರವೇ ಹೋಗಬಹುದಿತ್ತಂತೆ, ಆ ಯಜಮಾನರು ಶುಕ್ರವಾರ ಬಂದರು ಬಿಡಲ್ಲ ಅಂದರಂತೆ, ಅವರ ಕಡೆ ನಾವಿಕರಿಗೆ ಅದು ಆಗಿಬರಲ್ಲ. ಅಮ್ಮಂಗೆ ಭಾರಿ ಖುಷಿ, "ನೋಡು, ನಾವೂ ಶುಕ್ರವಾರ ಹೆಣ್ಣುಮಕ್ಕಳನ್ನ ಕಳಿಸಲ್ಲ, ಅವರಿಗೂ ತಿಳಿದಿದೆ" ಅಂತ.


ಐಸೋಬಾರ್ · ನವೆಂಬರ್ 10, ರಾತ್ರಿ 8:40

ಶುಭವಾಗ್ಲಿ ಅಕ್ಕ. ನಾನೂ ನೋಡ್ದೆ, ಮಡಗಾಸ್ಕರ್ ಮೂಲೆಗೆ 16ನೇ ತಾರೀಕಿನವರೆಗೂ ದಾರಿ ಚೊಕ್ಕಟವಾಗಿದೆ. ಆಮೇಲಿಂದು ಆಮೇಲೆ.


ಹನುಮಂತನಗರ ಅಕ್ಕ · ನವೆಂಬರ್ 21, ಬೆಳಿಗ್ಗೆ 6:05

ಯಾರಾದ್ರೂ ಎದ್ದಿದೀರಾ? ಟ್ರ್ಯಾಕರ್‌ನಲ್ಲಿ ಅವರ ಚುಕ್ಕೆ ಇಷ್ಟು ದಿನ ದಿನಕ್ಕೆ 140-150 ಮೈಲಿ ಹೋಗ್ತಿತ್ತು. ನಿನ್ನೆ ಮಧ್ಯಾಹ್ನದಿಂದ ನಿಂತಲ್ಲೇ ನಿಂತಿದೆ. ದಡಕ್ಕೆ ಇನ್ನೂ 150 ಮೈಲಿ ಇದೆ. ಸ್ವಲ್ಪ ಹಿಂದೆ ಬೇರೆ ಹೋಗಿದೆ. ಫೋನ್ ಇಲ್ಲ. ನಿನ್ನೆ ರಾತ್ರಿ ಒಂದು ಸಣ್ಣ ಮೆಸೇಜ್ ಬಂತು, "ಪ್ರೆಶರ್ ಇಳೀತಿದೆ, ನಿಂತಿದೀವಿ, ಎಲ್ಲ ಆರಾಮ". ಅಮ್ಮ ಗಾಬರಿಯಾಗಿ "ಯಾರಿಗೆ ಪ್ರೆಶರ್ ಇಳೀತಂತೆ, ಉಪ್ಪು ಸಕ್ಕರೆ ನೀರು ಕುಡಿಸ್ಲಿ" ಅಂದ್ಲು. ನಗೋಕೂ ಆಗ್ಲಿಲ್ಲ ನಂಗೆ.


ಹಲಸೂರು ಹಾಯಿ · ನವೆಂಬರ್ 21, ಬೆಳಿಗ್ಗೆ 6:22

ಎದ್ದಿದೀನಿ. ಅಕ್ಕ, ಗಾಬರಿ ಬೇಡ, ಇದು ಒಳ್ಳೇ ಸುದ್ದಿ. ನಾವು ಮಾಡದೇ ಹೋದದ್ದನ್ನ ಅವರು ಮಾಡ್ತಿದಾರೆ. ಪ್ರವಾಹದ ಆಚೆ ಆಳ ಸಮುದ್ರದಲ್ಲೇ ನಿಂತು ನೈಋತ್ಯದ ಗಾಳಿ ಹಾದು ಹೋಗೋಕೆ ಬಿಡ್ತಿದಾರೆ. ಮುಂದಿನ ಹಾಯಿನ ಗಾಳಿಗೆ ಉಲ್ಟಾ ಕಟ್ಟಿ, ಚುಕ್ಕಾಣಿನ ಇನ್ನೊಂದು ಕಡೆಗೆ ತಿರುಗಿಸಿ ಬಿಗಿದ್ರೆ ಎರಡೂ ಒಂದಕ್ಕೊಂದು ಜಗ್ಗಾಡಿ ಬೋಟು ಮುಂದಕ್ಕೆ ಹೋಗಲ್ಲ, ಗಂಟೆಗೆ ಒಂದು ಮೈಲಿ ಹಾಗೆ ತೇಲ್ತಾ ಇರತ್ತೆ. ಹೀವ್ ಟು ಅಂತಾರೆ. ಅಲೆ ದೊಡ್ಡದಿರತ್ತೆ, ಆದ್ರೆ ಪ್ರವಾಹ ಇಲ್ಲದ ಕಡೆ ಅದು ಉದ್ದನೇ ಅಲೆ, ಗೋಡೆ ಅಲ್ಲ. ಒಳಗೆ ಟೀ ಮಾಡ್ಕೊಂಡು ಕೂತಿರ್ತಾರೆ. ನಿಮ್ಮ ಟಿಕೆಟ್ ಇದ್ದಿದ್ರೆ ನಿನ್ನೆ ನುಗ್ತಿದ್ರೋ ಏನೋ.

ನಂಬರ್ ನೋಡ್ತಿರಿ. ಬ್ಯಾರೋಮೀಟರ್ ತಳ ಮುಟ್ಟಿ ಏರೋಕೆ ಶುರುವಾದಾಗ ನೈಋತ್ಯದ ಗಾಳಿ ಜೋರು. ಏರ್ತಾ ಏರ್ತಾ 1020 ಮಿಲಿಬಾರ್ ಹತ್ರ ಬಂದು ನಿಂತ್ರೆ ಗಾಳಿ ಸುಸ್ತಾಗಿದೆ, ಇನ್ನು ಪೂರ್ವಕ್ಕೆ ತಿರುಗತ್ತೆ ಅಂತ. ಆಗ ಹೊರಡ್ತಾರೆ. ಮುಂದಿನ ಕುಸಿತ ಬರೋ ಮುಂಚೆ ಒಂದೂವರೆ ಎರಡು ದಿನ ಸಿಗತ್ತೆ.


ಮಲ್ಪೆ ಬೋಟು · ನವೆಂಬರ್ 21, ಬೆಳಿಗ್ಗೆ 7:40

ಅಕ್ಕ, ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ದಡ ಕಾಣುವಾಗಲೂ ಹೊರಗೇ ನಿಂತ ತಾಂಡೇಲನ ಬೋಟಿಗೆ ಕಣ್ಣು ಮುಚ್ಚಿ ಮಗನನ್ನು ಕಳಿಸ್ಬಹುದು ಅಂದ್ರು.


ಹನುಮಂತನಗರ ಅಕ್ಕ · ನವೆಂಬರ್ 22, ರಾತ್ರಿ 9:10

1009, 1013, 1016. ಅಮ್ಮ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೀತಿದಾಳೆ. ಬಿಪಿ ಅಲ್ಲ ಅಂತ ಈಗ ಗೊತ್ತಾಗಿದೆ ಅವಳಿಗೆ.


ಹನುಮಂತನಗರ ಅಕ್ಕ · ನವೆಂಬರ್ 23, ಬೆಳಿಗ್ಗೆ 5:30

1019. ಚುಕ್ಕೆ ಹೊರಟಿದೆ. ಉತ್ತರಕ್ಕೆ ಮೂತಿ ಮಾಡಿದೆ, ಹರಿಗೋಲಿನ ಥರನೇ.


ಹನುಮಂತನಗರ ಅಕ್ಕ · ನವೆಂಬರ್ 24, ಸಂಜೆ 6:55

ಸೇರಿದ್ರು!! ಬ್ರೇಕ್‌ವಾಟರ್ ಒಳಗೆ ಬಂದು ಮೊದಲು ಮಾಡಿದ್ದು ಸ್ನಾನವಂತೆ. ಪೋರ್ಟ್ ಲೂಯಿಯಿಂದ ಇವರಿಗಿಂತ ಮುಂಚೆ ಹೊರಟಿದ್ದ ಆ ಪಕ್ಕದ ಬೋಟು ಅಲ್ಲೇ ಇದೆಯಂತೆ, ಮುಂದಿನ ಹಾಯಿ ಚಿಂದಿ, ಆದ್ರೆ ಜನ ಕ್ಷೇಮ. ತಮ್ಮ ಐದು ಕೆಜಿ ಇಳಿದಿದಾನೆ, ಡಿಸೆಂಬರ್ 2ಕ್ಕೆ ಹೊಸ ಟಿಕೆಟ್ ತಗೊಂಡಿದಾನೆ, ನಾನು ಕೇಳಿರ್ಲಿಲ್ಲ.

ಎಲ್ರಿಗೂ ತುಂಬಾ ಥ್ಯಾಂಕ್ಸ್. ಡಚ್ ಅಂಕಲ್ ಆಂಟಿ ಮುಂದೆ ಡರ್ಬನ್‌ಗೆ ಹೋಗ್ಬೇಕಂತೆ, 90 ಮೈಲಿ. ಅದಕ್ಕೂ ಅಲ್ಲಿ ಫ್ಲೈಟ್ ಪ್ಲ್ಯಾನ್ ಅಂತ ಒಂದು ಫಾರ್ಮ್ ತುಂಬಬೇಕಂತೆ, ಬೋಟಿಗೆ! ಯಾವಾಗ ಹೊರಡ್ತಾರೋ ಅಂತ ಕೇಳ್ದೆ. ಉತ್ತರ ಬರೋ ಮುಂಚೆ ಅಡುಗೆಮನೆಯಿಂದ ಅಮ್ಮ ಕೂಗಿದ್ಲು, "ಕಿಟಕಿ ತೆಗೀಬೇಕಲ್ಲ ಕಣೇ, ಇನ್ನೂ ನಾಲ್ಕು ದಿನ ಆಗತ್ತೆ".